ಸೈಕಲ್ ಹೇಳಿದ ವಯಸ್ಸು

ಗದಗಿನಲ್ಲಿ ಅಪ್ಪನ ಸೈಕಲ್ ಶಾಪಿನಲ್ಲೇ ಬೆಳೆದವನು ನಾನು. ಕುವೈತಿನ ರುಮೈಥಿಯಾದ ಒಂದು ಮನೆಗೆ ಎಸಿ ರಿಪೇರಿಗೆ ಹೋದಾಗ ಗ್ಯಾರೇಜಿನಲ್ಲಿ ದಪ್ಪ ಟಯರಿನ ಹಳೇ ಸೈಕಲ್ ಕಂಡು ಎಸಿಯನ್ನೇ ಮರೆತೆ. ಹ್ಯಾಂಡಲಿನ ಕೆಳಗಿದ್ದ ಹಿತ್ತಾಳೆ ಬಿಲ್ಲೆಯ ಬಣ್ಣ ಕೆರೆದೆ. ಕಂಪನಿಯ ಹೆಸರು, ಅದರಡಿ 'ಚಿಕಾಗೋ' ಅಂತ ಕಂಡಿತು.

"ಅಮೆರಿಕದ್ದು, ಬಾಬಾ," ಅಂದೆ.

ಪಕ್ಕದಲ್ಲಿ ಕೋಲೂರಿ ನಿಂತಿದ್ದ ಮನೆಯ ಯಜಮಾನರು, ಕುವೈತಿ ಮುದುಕರು, ಅರೆಬರೆ ಹಿಂದಿಯಲ್ಲಿ ಕೇಳಿದರು: "ಯಾವ ವರ್ಷದ್ದು, ಸದೀಕ್, ದೋಸ್ತ್? ನಾನು ಹುಟ್ಟಿದ ವಾರ ಅಪ್ಪ ಹೊಸದಾಗಿ ಕೊಂಡಿದ್ದು. ನನ್ನ ವರ್ಷ ಯಾರೂ ಬರೆದಿಡಲಿಲ್ಲ. ಸಿವಿಲ್ ಐಡಿಯಲ್ಲಿರೋದು ಬರೀ ಅಂದಾಜು." ಆ ಗುರುತಿನ ಚೀಟಿ ತೆಗೆದು ತೋರಿಸಿದರು.

ಸೈಕಲನ್ನು ತಲೆಕೆಳಗು ನಿಲ್ಲಿಸಿ, ಪೆಡಲ್ ಅಚ್ಚಿನ ಹತ್ತಿರ ಒರೆಸಿದೆ. ಫ್ರೇಮಿಗೆ ಹೊಡೆದ ನಂಬರ್ ಸಿಕ್ಕಿತು. ಯಾವ ನಂಬರ್ ಯಾವ ವರ್ಷದ್ದು ಅನ್ನೋ ಆ ಕಂಪನಿಯ ಪಟ್ಟಿಯನ್ನು ಮೊಬೈಲಿನಲ್ಲಿ ಹುಡುಕಿದೆ. ಐಡಿಯಲ್ಲಿದ್ದ ವರ್ಷ ಆ ಸೈಕಲ್ ತಯಾರೇ ಆಗಿರಲಿಲ್ಲ.

"ಬಾಬಾ, ನೀವು ಮೂರು ವರ್ಷ ಚಿಕ್ಕವರು."

ಅವರು ಕೋಲನ್ನು ಅಲ್ಲೇ ಬಿಟ್ಟು, ಹೆಂಡತಿಗೆ ಹೇಳಲು ಒಳಗೆ ಓಡಿದರು.

ನನ್ನ ಪಾಸ್‌ಪೋರ್ಟಿನಲ್ಲಿ ಜೂನ್ ಒಂದು ಅಂತಿದೆ. ಹೆಡ್ಮಾಸ್ತರು ಇಡೀ ಕ್ಲಾಸಿಗೆ ಒಂದೇ ಆಗಿ ಬರೆದ ತಾರೀಖು ಅದು. ನನ್ನನ್ನು ತಲೆಕೆಳಗು ನಿಲ್ಲಿಸಿ ಒರೆಸಿದರೂ ಎಲ್ಲೂ ನಂಬರ್ ಸಿಗುವುದಿಲ್ಲ.