ಸಿದ್ದಾಪುರದ ಐದನೆಯ ಆಟ

ಕಬಡ್ಡಿಯಲ್ಲಿ ಉಸಿರು ಹಿಡಿದು ಹುತುತು ಹೇಳುವಾಗ ಸಾಹೇಬರ ಕತ್ತಿನ ಎಡಬದಿಯ ನರವೊಂದು ಹಗ್ಗದ ಹಾಗೆ ಉಬ್ಬುತ್ತಿತ್ತು. ಬಲಬದಿಯಲ್ಲೂ ಉಬ್ಬುತ್ತಿತ್ತೋ ಏನೋ. ನಾನು ಯಾವಾಗಲೂ ಅವರ ಎಡಕ್ಕೇ ನಿಲ್ಲುತ್ತಿದ್ದೆ. ಅವರ ಬಗ್ಗೆ ನಾನು ಹೇಳುವುದೆಲ್ಲ ಆ ಒಂದು ಬದಿಯಿಂದ ಕಂಡದ್ದು.

ಅವರು ಶಿರಸಿಯಿಂದ ಯಲ್ಲಾಪುರಕ್ಕೆ ಹೋಗುವ ಬಸ್ಸಿನ ಡ್ರೈವರ್. ಊರಿಗೆಲ್ಲ ಸಾಹೇಬರು. ವಯಸ್ಸು ನಲವತ್ತು ದಾಟಿತ್ತು. ನಮ್ಮ ಹುತುತು ತಂಡದಲ್ಲಿ ಅವರೇ ಹಿರಿಯರು. ಶಾಲೆಗೆ ಹೊಸದಾಗಿ ಬಂದ ಮಾಸ್ತರನಾದ ನಾನು ಎಲ್ಲರಿಗಿಂತ ಕಿರಿಯ.

ಮೂವತ್ತೈದೋ ಮೂವತ್ತಾರೋ ಇಸವಿ. ಶಿರಸಿಗೂ ಯಲ್ಲಾಪುರಕ್ಕೂ ಐದು ಆಟಗಳ ಪಂದ್ಯ ಏರ್ಪಟ್ಟಿತ್ತು. ಮೂರು ಗೆದ್ದವರದು ಪಂದ್ಯ. ಯಲ್ಲಾಪುರದವರು ಸಾಹೇಬರ ಬಸ್ಸಿನಲ್ಲೇ ಕೂತು ಅವರನ್ನೇ ಕೆಣಕುತ್ತಿದ್ದರು.

"ಸಾಹೇಬ್ರೇ, ಬ್ರೇಕು ಗಟ್ಟಿ ಇದ್ಯಾ? ಈ ಸಲ ನಮ್ಮ ಹುಡುಗ್ರು ನಿಮ್ಮನ್ನ ಹಿಡಿದೇ ಹಿಡೀತಾರೆ."

"ಬ್ರೇಕಿನ ಚಿಂತೆ ನಂಗಿರ್ಲಿ. ನಿಮ್ಮ ಹುಡುಗ್ರಿಗೆ ಹಿಮ್ಮಡಿ ಮುಚ್ಕಂಡು ನಿಲ್ಲಕೆ ಹೇಳಿ."

ಅವರು ಎದುರಾಳಿಯ ಕೈ ನೋಡುತ್ತಿರಲಿಲ್ಲ. "ಕೈ ಸುಳ್ಳು ಹೇಳ್ತದೆ ಮಾಸ್ತ್ರೇ. ಹಿಮ್ಮಡಿ ಎತ್ತಿದ್ನೋ, ಅವ ನುಗ್ತಾನೆ ಅಂತ್ಲೇ ಲೆಕ್ಕ."

ಪಂದ್ಯಕ್ಕೆ ಮುಂಚೆ ಅವರು ಆಕಳಿಸುತ್ತಿದ್ದರು. ಒಂದಲ್ಲ, ಹತ್ತಾರು ಸಲ, ಕಣ್ಣಲ್ಲಿ ನೀರು ಬರುವಷ್ಟು. ಎಷ್ಟು ನಿಶ್ಚಿಂತೆ ನೋಡಿ ಎಂದು ಜನ ಹೊಗಳುತ್ತಿದ್ದರು. ನಾನೂ ಹಾಗೇ ಅಂದುಕೊಂಡು ಕೇಳಿದೆ: ನಿಮಗೆ ಹೆದರಿಕೆಯೇ ಇಲ್ಲವೇ?

"ಇದು ನಿದ್ದೆ ಅಂದ್ಕಂಡ್ರಾ? ಹೆದರಿಕೇನೇ ಇದು. ಹದಿನೆಂಟು ವರ್ಷ ಆಯ್ತು, ಒಂದಿನಾನೂ ತಪ್ಪಿಲ್ಲ."

"ಮತ್ತೆ ಆಡೂದು ಹೆಂಗೆ?"

"ಹೆದರ್ಕಂಡೇ ಗೆರೆ ದಾಟೂದು. ಇನ್ನೆಂತ ಮಾಡೂದು?"

ನನಗೆ ಧೈರ್ಯ ಬರಬೇಕಿತ್ತು. ಇವರಿಗೇ ಹೀಗಾದರೆ ನನ್ನ ಗತಿಯೇನು ಎಂದು ಇನ್ನಷ್ಟು ಹೆದರಿದೆ.

ನಾಲ್ಕು ಆಟ ಮುಗಿದಾಗ ಎರಡೆರಡು ಸಮ. ನಾಲ್ಕನೆಯದನ್ನು ಸಾಹೇಬರು ಒಬ್ಬರೇ ಉಳಿದು, ಮೂವರ ಎದುರು ಆಡಿ ಗೆಲ್ಲಿಸಿದ್ದರು. ಐದನೆಯದು ಎರಡೂ ಊರಿಗೆ ಸೇರದ ಸಿದ್ದಾಪುರದಲ್ಲಿ. ಅಲ್ಲಿಗೂ ತಂಡವನ್ನು ಅವರೇ ಬಸ್ಸಿನಲ್ಲಿ ಕರೆದೊಯ್ದರು. ಪ್ರತಿ ತಿರುವಿನಲ್ಲೂ ಬಸ್ಸು ಕೆಡಲಿ ಎಂದು ನಾನು ದೇವರಿಗೆ ಕಾಯಿ ಹೇಳಿಕೊಂಡೆ. ಬಸ್ಸು ಕೆಡಲಿಲ್ಲ.

ನಮ್ಮ ಆಟದಲ್ಲಿ ಸತ್ತವನಿಗೆ, ಎಂದರೆ ಮುಟ್ಟಿಸಿಕೊಂಡು ಹೊರಬಿದ್ದವನಿಗೆ, ಮತ್ತೆ ಜೀವ ಬರುತ್ತಿರಲಿಲ್ಲ. ಒಂದು ಕಡೆಯವರೆಲ್ಲ ಸತ್ತರೆ ಆಟ ಮುಗಿಯಿತು. ಪಂಚರು ಗೆರೆಯನ್ನೂ ಉಸಿರನ್ನೂ ಮಾತ್ರ ನೋಡುತ್ತಿದ್ದರು. ಮೈಗೆ ಕೈ ತಾಗಿತೋ ಇಲ್ಲವೋ ಎಂಬುದನ್ನು ತಾಗಿಸಿಕೊಂಡವನೇ ಹೇಳಬೇಕು, ಕೈ ಎತ್ತಿ ಹೊರಗೆ ನಡೆಯಬೇಕು. ಬೇರೆಯವರು ಬೆರಳು ತೋರಿಸಿದರೆ ಅವನ ಮನೆತನಕ್ಕೇ ಬೈದ ಹಾಗೆ.

ಕೊನೆಗೆ ನಮ್ಮಲ್ಲಿ ಉಳಿದವರು ಇಬ್ಬರು, ಸಾಹೇಬರು ಮತ್ತು ನಾನು. ಯಲ್ಲಾಪುರದವರಲ್ಲೂ ಇಬ್ಬರು. ಅವರ ಪೈಕಿ ಉಮ್ಮಚಗಿ ಎಂಬ ಹಳ್ಳಿಯ ಆಟಗಾರ ನುಗ್ಗಿ ಬಂದ, ನಮ್ಮಿಬ್ಬರ ನಡುವೆ ಬಗ್ಗಿದ, ತಿರುಗಿ ಗೆರೆ ದಾಟಿದ. ಅವನ ಬೆರಳು ನನ್ನ ಮೊಣಕೈಗೆ ತಾಗಿತ್ತು. ಇದೊಂದರಲ್ಲಿ ನನಗೆ ಅನುಮಾನವಿಲ್ಲ.

ಪಂಚರು ಕೇಳಿದರು: "ಯಾರಾದ್ರೂ ಸತ್ರಾ?"

ನನ್ನ ಕೈ ಮೇಲೇಳಲಿಲ್ಲ. ಸುತ್ತ ನಿಂತ ಅಷ್ಟೂ ಜನ ನನ್ನನ್ನೇ ನೋಡುತ್ತಿದ್ದಾರೆ ಅನ್ನಿಸಿತು. ನಿಜವಾಗಿ ಯಾರೂ ನನ್ನನ್ನು ನೋಡುತ್ತಿರಲಿಲ್ಲವೇನೋ. ಪಂಚರು ಇನ್ನೊಮ್ಮೆ ಕೇಳಿದರು. ಆಗ ಸಾಹೇಬರು ನನ್ನತ್ತ ಒಮ್ಮೆ ನೋಡಿ, ತಮ್ಮ ಕೈ ಎತ್ತಿ ಹೊರಗೆ ನಡೆದರು.

ಬಹಳ ವರ್ಷ ಅದನ್ನು ಅವರ ಔದಾರ್ಯ ಎಂದುಕೊಂಡಿದ್ದೆ. ಈಗ ಹಾಗೆ ಹೇಳಲು ಧೈರ್ಯ ಸಾಲದು. ದಣಿದಿದ್ದರೋ, ನನ್ನನ್ನು ಕಂಡು ಅಸಹ್ಯವಾಯಿತೋ, ಅವರಿಗೂ ಅಂದು ಗೆರೆ ದಾಟುವುದು ಸಾಕಾಗಿತ್ತೋ. ಕೇಳಬಹುದಿತ್ತು. ನಾನು ಕೇಳಲಿಲ್ಲ.

ಮುಂದಿನ ಸರದಿ ನನ್ನದು, ಒಬ್ಬನೇ. ಗೆರೆ ದಾಟಿದೆ. ಯಾರೋ ಕೂಗಿದರು: "ಏ ಮಾಣಿ, ಗಟ್ಟಿ ಹೇಳಾ, ಶ್ರಾದ್ಧದ ಮಂತ್ರ ಗೊಣಗಿದಂಗೆ ಆತು!" ಜನ ನಕ್ಕರು. ನಾಲ್ಕು ಹೆಜ್ಜೆಗೆ ಉಸಿರು ಮುರಿಯಿತು. ಅವರು ನನ್ನನ್ನು ಹಿಡಿಯಬೇಕಾಗಿಯೂ ಬರಲಿಲ್ಲ, ಪಂದ್ಯ ಅವರದಾಯಿತು.

ಸಾಹೇಬರು ಬಸ್ಸಿನ ಬಾಗಿಲಲ್ಲಿ ನಿಂತು, "ಹತ್ತಿ ಮಾಸ್ತ್ರೇ, ಹೊತ್ತಾಯ್ತು" ಎಂದರು. ಅಷ್ಟೇ.

ಶಿರಸಿಯವರು ನನ್ನನ್ನು ಬೈಯಲಿಲ್ಲ. ಹೊಸಬ, ಒಬ್ಬನೇ ಏನು ಮಾಡಿಯಾನು ಎಂದರು. ಬೈಗುಳವೆಲ್ಲ ಸಾಹೇಬರಿಗೆ. "ಮುದುಕ್ರಾದ್ರು. ಅಷ್ಟು ಸದರದಲ್ಲಿ ಕೈಗೆ ಸಿಗೂದಾ?" ಮರುವರ್ಷ ಅವರನ್ನು ತಂಡದಿಂದ ಬಿಟ್ಟರು. ಅದನ್ನು ತೀರ್ಮಾನಿಸಿದ ಸಭೆಯಲ್ಲಿ ನಾನೂ ಕೂತಿದ್ದೆ. ಎಲ್ಲಿ ಯಾರಾದರೂ ನನ್ನ ಮೊಣಕೈ ನೋಡಿಯಾರೋ ಎಂದು ಅಂಗಿಯ ತೋಳು ಇಳಿಸಿಕೊಂಡೆ. ಅಲ್ಲಿ ಗುರುತು ಏನೂ ಇರಲಿಲ್ಲ. ಅವರ ಬಸ್ಸು ಹತ್ತಿದರೆ ಹಿಂದಿನ ಸೀಟಿನಲ್ಲಿ ಕೂರುತ್ತಿದ್ದೆ. ಇಳಿಯುವಾಗ "ಶಾಲೆ ಹೆಂಗೆ ನಡೀತದೆ?" ಎಂದು ಮೊದಲಿನ ಹಾಗೇ ಕೇಳುತ್ತಿದ್ದರು. ಅದಕ್ಕೆ ಇನ್ನಷ್ಟು ಹೆದರುತ್ತಿದ್ದೆ.

ಆ ಮಳೆಗಾಲದಲ್ಲಿ ಚಳಿಜ್ವರ ಬಂದು ಅವರು ತೀರಿಕೊಂಡರು. ಮಣ್ಣಿಗೆ ಇಡುವಾಗ ನಾನು ಕಬರಸ್ತಾನದ ಗೋಡೆಯ ಹೊರಗೆ ನಿಂತಿದ್ದೆ. ಉಮ್ಮಚಗಿಯವನೂ ಬಂದಿದ್ದ. ಇಬ್ಬರದೂ ಒಂದೇ ಮನೆಮಾತು, ನಾನು ಎನ್ನಲು ಆನು, ನನಗೆ ಎನ್ನಲು ಯಂಗೆ ಎನ್ನುವ ಮಾತು. ಅವನಿಗೆ ತಗ್ಗಿದ ದನಿಯಲ್ಲಿ ಹೇಳಿದೆ: "ಆ ದಿನ ಸತ್ತಂವ ಆನು."

"ಯಂಗೆ ಗೊತ್ತಿತ್ತಲ ಮಾರಾಯಾ. ಮುಟ್ಟಿದ್ದು ಯನ್ನ ಕೈ."

"ಮತ್ತೆ ಎಂತಕ್ಕೆ ಹೇಳಲ್ಲೆ?"

"ಸಾಹೇಬ್ರು ತಾವಾಗೇ ಹೊರಗೆ ಹೋಗ್ತಾ ಇದ್ರೆ ಆನು ಎಂತಕ್ಕೆ ತಡೀಲಿ? ಅವ್ರು ಉಳಿದಿದ್ರೆ ನಮ್ಮೂರಿಗೆ ಗೆಲುವು ಎಲ್ಲಿತ್ತು?"

ತಂಡದವರು ಗೇಟಿನಿಂದ ಹೊರಬಂದರು. ಹೆದರಿಕೊಂಡೇ ಅವರೆಲ್ಲರೆದುರು ಹೇಳಿದೆ, ಸಿದ್ದಾಪುರದಲ್ಲಿ ಸತ್ತದ್ದು ನಾನು, ಸಾಹೇಬರನ್ನು ಯಾರೂ ಮುಟ್ಟಿರಲಿಲ್ಲ ಎಂದು. ಎಲ್ಲರೂ ಉಮ್ಮಚಗಿಯವನ ಮುಖ ನೋಡಿದರು.

"ನಂಗೆ ನೆನಪಿಲ್ಲ" ಎಂದ ಅವನು.

ನಮ್ಮವನೊಬ್ಬ ನನ್ನ ಬೆನ್ನ ಮೇಲೆ ಕೈಯಿಟ್ಟ. "ಬಿಡಿ ಮಾಸ್ತ್ರೇ. ಹೋದವ್ರ ಮೇಲಿನ ಪ್ರೀತಿಗೆ ಹೇಳ್ತೀರಿ. ನಿಮ್ಮದು ದೊಡ್ಡ ಮನಸ್ಸು."

ಆ ಕೈ ಬೆನ್ನ ಮೇಲೆ ಇದ್ದಷ್ಟು ಹೊತ್ತು ಇನ್ನೊಮ್ಮೆ ಹೇಳಬಹುದಿತ್ತು. ನಾನು ಹೇಳಲಿಲ್ಲ.