ಮೆಣಸಿನಬಳ್ಳಿಯ ಎರಡನೇ ಸಾಲು

ಪ್ರಿಂಟರ್ ರಿಪೇರಿಗೆ ಬಂದ ಸಲೀಂ ಭಾಯಿ, ಯಾರೂ ಕೇಳದಿದ್ದರೂ ನಮ್ಮ ಬ್ರೌಸರನ್ನೂ ರಿಪೇರಿ ಮಾಡಿ ಹೋದರು.

ಅವರದು ಗೋಣಿಕೊಪ್ಪಲಿನಲ್ಲಿ ಕಂಪ್ಯೂಟರ್ ಅಂಗಡಿ. ನಾನು ಅಲ್ಲೇ ಹತ್ತಿರದ ಕಾಫಿ ಎಸ್ಟೇಟಿನಲ್ಲಿ ರೈಟರ್, ಅಂದರೆ ಆಳುಗಳ ಹಾಜರಿ, ಸಂಬಳ ನೋಡಿಕೊಳ್ಳುವವನು. ಕಣದ ಕಡೆ ಹೋಗಿ ವಾಪಸ್ ಬರುವಷ್ಟರಲ್ಲಿ ನನ್ನ ಸ್ಕ್ರೀನಿನ ಟ್ಯಾಬುಗಳ ಮೂಲೆಯೆಲ್ಲ ದುಂಡಗಾಗಿತ್ತು.

"ಅಪ್‌ಡೇಟ್ ಆಫ್ ಆಗಿತ್ತು ಸಾರ್. ಅಜ್ಜನ ಕಾಲದ ವರ್ಷನ್ ಇಟ್ಕೊಂಡು ಹೆಂಗೆ ಕೆಲ್ಸ ಮಾಡ್ತಿದ್ರಿ ಮಾರಾಯ್ರೆ?"

ಬೇಕೆಂದೇ ಆಫ್ ಮಾಡಿಟ್ಟಿದ್ದೆ ಎಂದು ಹೇಳಲು ಬಾಯಿ ತೆರೆದೆ... ಪ್ರಿಂಟರ್ ಚೆನ್ನಾಗಿ ಓಡುತ್ತಿತ್ತು. ಥ್ಯಾಂಕ್ಸ್ ಅಂದೆ.

ಹೋದದ್ದು ಒಂದೇ ಒಂದು ಆಡ್‌ಆನ್. ಹೆಸರು ಜೋಡಿಪದ. ಯಾವುದೇ ಕನ್ನಡ ಪದದ ಮೇಲೆ ರೈಟ್ ಕ್ಲಿಕ್ ಮಾಡಿದರೆ ಅದಕ್ಕೆ ಪ್ರಾಸವಾಗುವ ಪದಗಳನ್ನು ಸಾಲಾಗಿ ಕೊಡುತ್ತಿತ್ತು. ಜಗತ್ತಿಗೆ ಅದರಿಂದ ಏನು ಉಪಯೋಗ ಎಂದು ಕೇಳಬೇಡಿ, ಜಗತ್ತಿಗೆ ನನ್ನಿಂದಲೂ ಹೇಳಿಕೊಳ್ಳುವಂಥ ಉಪಯೋಗವಿಲ್ಲ.

ಅದರ ಜಾಗದಲ್ಲಿ ಈಗ ಬೂದು ಬಣ್ಣದ ಒಂದು ಸಾಲು. ಈ ಎಕ್ಸ್‌ಟೆನ್ಷನ್‌ಗೆ ಇನ್ನು ಸಪೋರ್ಟ್ ಇಲ್ಲ.

ಹೋಗಲಿ ಬಿಡಿ, ಪದ ಹುಡುಕಲು ನನಗೆ ತಲೆಯಿದೆ. ನಾನು ಓಡಿದ್ದು ಆಡ್‌ಆನ್‌ಗಳು ಸಿಗುವ ಆನ್‌ಲೈನ್ ಸ್ಟೋರಿನಲ್ಲಿ ಅದರ ರಿವ್ಯೂ ಪುಟಕ್ಕೆ. ಆ ಪುಟವೂ ಇರಲಿಲ್ಲ. ಬ್ರೌಸರ್ ಕಂಪನಿಯವರು ತಮ್ಮ ಹೊಸ ನಿಯಮಕ್ಕೆ ಬಗ್ಗದ ಆಡ್‌ಆನ್‌ಗಳನ್ನೆಲ್ಲ ಅಲ್ಲಿಂದಲೂ ತೆಗೆದಿದ್ದರು.



ವಿಷಯ ಏನೆಂದರೆ, ಕೆಲವು ವರ್ಷಗಳ ಹಿಂದೆ ನಾನು ಅಲ್ಲಿ ರಿವ್ಯೂ ಬರೆದಿದ್ದೆ:

ಒಂದು ಒತ್ತಿದರೆ ಹತ್ತು ಪ್ರಾಸ,
ಕವಿಗೆ ತಪ್ಪಿತು ತಲೆ ಕೆರೆಯುವ ತ್ರಾಸ.

ಮಾರನೇ ದಿನ ಅದರ ಕೆಳಗೆ 'ಮೆಣಸಿನಬಳ್ಳಿ' ಎಂಬ ಹೆಸರಿನಲ್ಲಿ ಇನ್ನೊಂದು ರಿವ್ಯೂ:

ತ್ರಾಸವಿಲ್ಲದೆ ಹುಟ್ಟಿದ ಪದ್ಯ,
ಸಾಲು ಮುರಿದಿಟ್ಟ ಗದ್ಯ.

ಉರಿದುಹೋಯಿತು. ಖುಷಿಯೂ ಆಯಿತು.

ಆ ಸ್ಟೋರಿನಲ್ಲಿ ಒಬ್ಬರಿಗೆ ಒಂದೇ ರಿವ್ಯೂ. ಉತ್ತರ ಕೊಡಬೇಕಾದರೆ ನನ್ನ ಹಳೆಯದನ್ನು ಅಳಿಸಿ ಅದೇ ಜಾಗದಲ್ಲಿ ಹೊಸದನ್ನು ಬರೆಯಬೇಕು. ಅವರೂ ಹಾಗೆಯೇ. ಎದುರಿನವರ ಕೊನೆಯ ಪದದಿಂದಲೇ ಶುರು ಮಾಡಬೇಕು ಎಂಬುದು ಯಾರೂ ಹೇಳದೆ ಆದ ನಿಯಮ. ಹೀಗೆ ಎಷ್ಟೋ ಮಳೆಗಾಲ ಕಳೆಯಿತು. ಯಾವಾಗ ನೋಡಿದರೂ ಪುಟದಲ್ಲಿ ಇರುತ್ತಿದ್ದುದು ನನ್ನವು ಎರಡು ಸಾಲು, ಅವರವು ಎರಡು ಸಾಲು, ಅಷ್ಟೇ.

ನಮ್ಮ ಎಸ್ಟೇಟಿನಲ್ಲಿ ಕೊಡವ ಮಾತು, ಮಲಯಾಳ, ತಮಿಳು ಎಲ್ಲ ನಡೆಯುತ್ತದೆ. ಕನ್ನಡ ನಡೆಯುವುದು ಕೆಲಸ ಹೇಳಲು, ರಜೆ ಕೇಳಲು. ನಾನು ಪ್ರಾಸ ಹಾಕಿದರೆ ಎಲ್ಲರೂ ಸಂಬಳದ ದಿನ ಮುಂದೆ ಹೋಯಿತೇನೋ ಎಂಬಂತೆ ನೋಡುತ್ತಾರೆ. ಹಾಗಾಗಿ ಎಲ್ಲೋ ಒಬ್ಬರು ನನ್ನ ಸಾಲಿಗೆ ಕಾಯುತ್ತಿದ್ದಾರೆ ಎಂಬುದು ಸಣ್ಣ ವಿಷಯವಾಗಿರಲಿಲ್ಲ.

ಈ ವರ್ಷ ಅವರು ಬರೆದರು:

ಹೂಮಳೆ ಬಿತ್ತೇ ನಿಮ್ಮ ಕಡೆ?
ಇಲ್ಲಿನ್ನೂ ನೆನೆದಿಲ್ಲ ಕೊಡೆ.

ಕಾಫಿ ಹೂವು ಅರಳಿಸುವ ಮಳೆಗೆ ಹೀಗೆ ಕಾಯುವವರು ದೂರದವರಾಗಿರಲಾರರು. ಶಿರಂಗಾಲವೋ, ಗಾಳಿಬೀಡೋ... ಅಂತೂ ಬಸ್ಸು ಹತ್ತಿದರೆ ಸಿಗುವ ಊರು. ಮಳೆಯ ಮಾತು ಮುಗಿದ ಮೇಲೊಂದು ದಿನ ಅವರ ಸಾಲು ಗೋಣಿಕೊಪ್ಪಲು ಎಂದೇ ಕೊನೆಗೊಂಡಿತು. ಧೈರ್ಯ ಮಾಡಿ ಬರೆದೇಬಿಟ್ಟೆ:

ಗೋಣಿಕೊಪ್ಪಲು ಸಂತೆಯ ದಿನ,
ಜೊತೆಗೊಂದು ಕಾಫಿಗೆ ಇದೆಯೇ ಮನ?

ಆ ವಾರ ಆಫೀಸಿನಲ್ಲಿ ಆಡಿಟ್ ಗಡಿಬಿಡಿ, ಪುಟ ತೆರೆಯಲು ಆಗಲಿಲ್ಲ. ಆಮೇಲೆ ಸಲೀಂ ಭಾಯಿ ಬಂದರು.

ಬ್ರೌಸರಿನ ಯೂಸರ್ ಫೋರಮ್ಮಿಗೆ ಹೋಗಿ ನೋಡಿದೆ. ಅಲ್ಲಿ ಬೆಂಕಿ ಬಿದ್ದಿತ್ತು. ಜಾಹೀರಾತು ತಡೆಯುವ ಆಡ್‌ಆನ್ ಹೋದವರ ಕೋಪ, ದುಂಡು ಮೂಲೆ ಸೇರದವರ ಶಾಪ. ಬ್ರೌಸರ್ ಬಿಡುವವರು ಊರು ಬಿಡುವವರ ಹಾಗೆ ಉದ್ದುದ್ದ ವಿದಾಯ ಬರೆದಿದ್ದರು. ನಾನೂ ನನ್ನ ಗೋಳು ಹಾಕಿದೆ. ಬ್ರೌಸರಿನ ಕ್ಯಾಶ್ ಕ್ಲಿಯರ್ ಮಾಡಿ ನೋಡಿ ಎಂದು ಒಬ್ಬರು ಉತ್ತರಿಸಿದರು.

ಮನೆಯಲ್ಲಿ ಹೆಂಡತಿ ಸುಧಾಗೆ ಹೇಳಿದೆ. ಅವಳು ಕಾಯಿ ತುರಿಯುವುದನ್ನು ನಿಲ್ಲಿಸಲಿಲ್ಲ.

"ಹೆಂಗಸೋ ಗಂಡಸೋ ಅದಾದ್ರೂ ಗೊತ್ತೇನ್ರೀ?"

"ಗೊತ್ತಿಲ್ಲ."

"ಗೊತ್ತಿಲ್ದೇ ಕಾಫಿಗೆ ಕರೆದ್ರಾ? ಗೊತ್ತಿರೋ ನನ್ನ ಕರ್ದು ಎಷ್ಟು ವರ್ಷ ಆಯ್ತು?" ತುರಿದ ಕಾಯಿಯನ್ನು ಬಟ್ಟಲಿಗೆ ಹಾಕುತ್ತ ಅವಳೇ ಅಂದಳು, "ಅದನ್ನ ಮಾಡಿದವರು ಯಾರೋ ಇರ್ತಾರಲ್ಲ. ಅವರನ್ನ ಕೇಳಿ ಅತ್ಲಾಗೆ."

ಹಿಂದೊಮ್ಮೆ ಒತ್ತಕ್ಷರದ ತೊಂದರೆ ಹೇಳಿ ಜೋಡಿಪದ ಮಾಡಿದವರಿಗೆ ಮೇಲ್ ಕಳಿಸಿದ್ದೆ. ಅದೇ ವಿಳಾಸಕ್ಕೆ ವಿಷಯವನ್ನೆಲ್ಲ ಬರೆದು ನನ್ನ ನಂಬರ್ ಕೊಟ್ಟೆ. ಮೈಸೂರಿನಿಂದ ಅವರೇ ಫೋನ್ ಮಾಡಿದರು. ಹೊಸ ನಿಯಮಕ್ಕೆ ಎಲ್ಲವನ್ನೂ ಮತ್ತೆ ಬರೆಯಬೇಕಂತೆ, ಅಷ್ಟು ಪುರುಸೊತ್ತಿಲ್ಲವಂತೆ. ರಿವ್ಯೂಗಳು ಅವರಿಗೂ ಈಗ ಕಾಣುವುದಿಲ್ಲವಂತೆ.

"ಆದ್ರೆ ನಿಮ್ಮಿಬ್ಬರದ್ದನ್ನ ನಾನು ಬಿಡದೆ ಓದ್ತಿದ್ದೆ ಸರ್. ಕೊನೇಲಿ ನಿಮ್ಮ ಕಾಫಿಗೆ ಅವರು ಉತ್ತರ ಬರೆದಿದ್ರು."

ನಾನು ಕುರ್ಚಿಯಿಂದ ಎದ್ದು ನಿಂತೆ. ಏನಂತ?

"ಪೂರ್ತಿ ನೆನಪಿಲ್ಲ ಸರ್. ಓದಿ ನಕ್ಕಿದ್ದು ನೆನಪಿದೆ. 'ಮನ' ಅಂತ ಶುರುವಾಗಿತ್ತು."

ಮನ ಎಂದೇ ಶುರುವಾಗಬೇಕು. ಅದು ನಿಯಮ. ಮನವಿದೆ ಎನ್ನಲೂ ಅದೇ ಬೇಕು, ಮನವಿಲ್ಲ ಎನ್ನಲೂ ಅದೇ.

ಅಂದಿನಿಂದ ಮನ ಎಂದು ಶುರು ಮಾಡಿ ಅವರ ಪರವಾಗಿ ನಾನೇ ಬರೆಯುತ್ತಿದ್ದೇನೆ. ಎಸ್ಟೇಟಿನ ಪಿಕಪ್ ಗಾಡಿಯಲ್ಲಿ ಕೂತು, ಸ್ನಾನದ ಮನೆಯಲ್ಲಿ ನಿಂತು. ಎಲ್ಲವೂ ನನ್ನವೇ ಆಗಿಬಿಡುತ್ತವೆ... ಒಂದರಲ್ಲೂ ಆ ಖಾರವಿಲ್ಲ.

ಸಂತೆ ದಿನ ಬಸ್ ಸ್ಟ್ಯಾಂಡಿನ ಎದುರಿನ ಹೋಟೆಲಿನಲ್ಲಿ ಎರಡು ಕಾಫಿಯ ಹೊತ್ತು ಕೂತಿದ್ದೆ. ಒಂಟಿಯಾಗಿ ಕೂತ ಪ್ರತಿಯೊಬ್ಬರೂ ಮೆಣಸಿನಬಳ್ಳಿಯಂತೆಯೇ ಕಾಣುತ್ತಾರೆ. ಯಾರನ್ನಾದರೂ ಹೇಗೆ ಕೇಳುವುದು, ಎರಡು ಸಾಲು ಹೇಳಿ ಎಂದು?

ಅವರ ಉತ್ತರ 'ಇಲ್ಲ' ಎಂದೇ ಇರಲಿ, ಆ ಸಾಲುಗಳನ್ನು ಓದಿದವರು ನಿಮ್ಮಲ್ಲಿ ಯಾರಾದರೂ ಇದ್ದೀರಾ?