ಬಿಡಿಸದೆ ಉಳಿದ ಹುಲಿ

ಕಳೆದ ವಾರ ಮೊಮ್ಮಗಳಿಗೆಂದು ಹೆದ್ದಾರಿ ಬದಿಯ ಗೊಂಬೆ ಅಂಗಡಿಯಿಂದ ಹುಲಿ-ಕುರಿ ಆಟದ ಡಬ್ಬಿ ತಂದೆ. ಮುಚ್ಚಳ ತೆಗೆದದ್ದೇ ತಡ, ಮರಕ್ಕೆ ಹಚ್ಚಿದ ಹೊಸ ಅರಗಿನ ವಾಸನೆ ಮೂಗಿಗೆ ಬಡಿಯಿತು. ಅವಳು ಹಳದಿ ಹುಲಿಗಳನ್ನೂ ಬಿಳಿ ಕುರಿಗಳನ್ನೂ ಬೇರೆ ಬೇರೆ ಜೋಡಿಸುತ್ತಿದ್ದಳು. ನಾನು ಮಾತ್ರ ಚನ್ನಪಟ್ಟಣದ ಆ ಹಳೇ ಜಗಲಿಗೆ ಹೋಗಿಬಿಟ್ಟಿದ್ದೆ... ಆಪಾ ಕೂರುತ್ತಿದ್ದ ಜಗಲಿಗೆ.

ಆಪಾ ನಮ್ಮ ಅತ್ತೆ ಮನೆಯ ಪಕ್ಕದ ಮುಸ್ಲಿಂ ಮನೆಯವರು; ಆಪಾ ಎಂದರೆ ಅವರಲ್ಲಿ ಅಕ್ಕ. ಗಂಡ ತೀರಿಕೊಂಡ ಮೇಲೆ ಅಣ್ಣನ ಮನೆ ಸೇರಿದ್ದರು. ಅಣ್ಣ ಹಿತ್ತಲಲ್ಲಿ ಗೊಂಬೆ ಕಡೆಯುತ್ತಿದ್ದ, ಇವರು ಅದಕ್ಕೆ ಬಣ್ಣದ ಅರಗು ಹದ ಮಾಡಿ ಕೊಡುತ್ತಿದ್ದರು. ಪೇಟೆಗಿಲ್ಲ, ನೆಂಟರ ಮನೆಗಿಲ್ಲ. ಹೋಗಿಬರಲು ಅಣ್ಣ ಒಪ್ಪಿದ್ದ ಜಾಗವೆಂದರೆ ನಮ್ಮ ಜಗಲಿ ಒಂದೇ. ಮಧ್ಯಾಹ್ನವಾದರೆ ಬಂದು ಅತ್ತೆಯ ಜೊತೆ ಹುಲಿ-ಕುರಿ ಆಡುತ್ತಿದ್ದರು.

ಆಟದ ಮನೆಗಳನ್ನು ಜಗಲಿ ಕಲ್ಲಿನ ಮೇಲೇ ಕೊರೆದಿದ್ದರು. ಮೂರು ಹುಲಿ, ಹದಿನೈದು ಕುರಿ. ಹುಲಿ ಪಕ್ಕದ ಕುರಿಯ ಮೇಲೆ ಹಾರಿ ಆಚೆಯ ಖಾಲಿ ಮನೆಗೆ ಬಿದ್ದರೆ ಆ ಕುರಿ ಸತ್ತಂತೆ. ಕುರಿ ಹಾರುವಂತಿಲ್ಲ, ಕೊಲ್ಲುವಂತಿಲ್ಲ. ಒಂದೊಂದಾಗಿ ಬಂದು, ಒತ್ತೊತ್ತಾಗಿ ಕೂತು, ಹುಲಿಗೆ ಕದಲಲು ಜಾಗವೇ ಇಲ್ಲದಂತೆ ಮಾಡಬೇಕು. ಅದೇ ಹುಲಿ ಕಟ್ಟುವುದು. ಅತ್ತೆಗೆ ಯಾವತ್ತೂ ಹುಲಿಯೇ ಬೇಕು. ಬಿಡಿ, ಹುಟ್ಟುಗುಣ. ಆಪಾ ನಗುತ್ತಾ ಕುರಿ ಹಿಡಿದು ದಿನಾ ಅವರನ್ನು ಕಟ್ಟಿಹಾಕುತ್ತಿದ್ದರು.

ಅತ್ತೆಯದು ಎರಡು ನೇಮ. ಶುರುವಾದ ಆಟವನ್ನು ನಡುವೆ ಬಿಟ್ಟು ಏಳಬಾರದು. ಕಟ್ಟಿದ ಹುಲಿಯನ್ನು ಹಾಗೇ ಬಿಡಬಾರದು, ಒಂದು ಕುರಿ ಎತ್ತಿ ದಾರಿ ಮಾಡಿಯೇ ಏಳಬೇಕು. ಇಲ್ಲವಾದರೆ ಮನೆಯಲ್ಲಿ ಯಾರಿಗಾದರೂ ಕಟ್ಟು ಬೀಳುತ್ತದಂತೆ. ಒಳಗೆ ಸೊಸೆಯನ್ನು ಕಟ್ಟಿಹಾಕಿದ್ದು ಮಾತ್ರ ಅವರ ಲೆಕ್ಕಕ್ಕೆ ಬರುತ್ತಿರಲಿಲ್ಲ.

ಆ ಸೊಸೆ ನಾನೇ. ಡಿಗ್ರಿಯಲ್ಲಿ ಒಂದೇ ಒಂದು ಪೇಪರ್ ಉಳಿದಿತ್ತು. ಬರೆಸುತ್ತೇವೆ ಎಂದು ಮದುವೆಗೆ ಮುಂಚೆ ಹೇಳಿದ್ದ ಅತ್ತೆ ಆಮೇಲೆ ಓದಿದ ಹೆಣ್ಣು ಕೈಗೆ ಸಿಗಲ್ಲ ಎಂದು ಮಾತು ತಿರುಗಿಸಿದರು. ಗಂಡ ಅಮ್ಮನ ಮುಂದೆ ಬಾಯಿ ಬಿಡುವವರಲ್ಲ. ಮುಂದಿನ ವರ್ಷ ಪಠ್ಯವೇ ಬದಲಾಗುವುದಿತ್ತು, ಹಾಗಾಗಿ ಅದೇ ಕೊನೆಯ ಅವಕಾಶ. ಗೋಡೆಗಳೇ ಮೈಮೇಲೆ ಬರುತ್ತಿರುವಂತೆ ಅನಿಸುತ್ತಿದ್ದ ದಿನಗಳವು. ಬಟ್ಟೆ ಒಗೆಯುತ್ತಾ ಅತ್ತಾಗ ಹಿತ್ತಲ ಗೋಡೆಯಾಚೆಯಿಂದ ಆಪಾ ಎಲ್ಲ ಕೇಳಿಸಿಕೊಂಡರು.

“ನೀ ಓಗಿ ಬರೆದ್ ಬಾರಮ್ಮ,” ಎಂದರು. “ನೀ ಬರೋಗಂಟ ಹುಲೀನ ಕಟ್ಟೋದೂ ಇಲ್ಲ, ಬುಡೋದೂ ಇಲ್ಲ.”

ಪರೀಕ್ಷೆಯ ದಿನ ತಲೆನೋವೆಂದು ಮಲಗಿದವಳು, ಜಗಲಿಯಲ್ಲಿ ಆಟ ಶುರುವಾದ ಸದ್ದು ಕೇಳಿ ಹಿತ್ತಲ ಬಾಗಿಲಿಂದ ಹೊರಬಿದ್ದೆ. ರಾಮನಗರದಲ್ಲಿ ಬರೆದದ್ದೇನು, ಬಿಟ್ಟದ್ದೇನು, ಈಗ ನೆನಪಿಲ್ಲ. ವಾಪಸು ಬರುವಾಗ ಕೆಂಗಲ್ ಹತ್ತಿರ ಬಸ್ಸು ನಿಂತೇಬಿಟ್ಟಿತು. ಶನಿವಾರ, ಹನುಮಂತನ ಗುಡಿಯ ಜನವೆಲ್ಲ ರಸ್ತೆಯಲ್ಲೇ. ಇಳಿಯಲಾರೆ, ಕೂರಲಾರೆ. ಕಂಬಿ ಹಿಡಿದು ನಿಂತು ಒಂದೇ ಯೋಚಿಸುತ್ತಿದ್ದೆ: ಆಟ ಮುಗಿದಿರಬಹುದೇ...

ಮುಗಿದಿರಲಿಲ್ಲ. ಆಪಾ ಇಡೀ ಮಧ್ಯಾಹ್ನ ಅತ್ತೆಯನ್ನು ಏಳಗೊಡದೆ, ಆಗಾಗ ಒಂದು ಕುರಿ ಬಲಿ ಕೊಟ್ಟು, ಕಟ್ಟಿಯೂ ಕಟ್ಟದಂತೆ ಆಟ ಎಳೆದಿದ್ದರು. ಕಾಫಿಗೆ ಅತ್ತೆ ನನ್ನನ್ನು ಕರೆಯದಿರಲೆಂದು ಫ್ಲಾಸ್ಕಿನಲ್ಲಿ ಚಹಾವನ್ನೂ ತಂದಿದ್ದರು. ನಾನು ಹಿತ್ತಲ ಬಾಗಿಲಿಂದ ಒಳಸೇರಿ ಹೊಸಿಲಿಗೆ ಬಂದು ನಿಂತೆ. ಆಪಾ ಒಮ್ಮೆ ಕಣ್ಣೆತ್ತಿ ನೋಡಿ, ಅಷ್ಟು ಹೊತ್ತೂ ಹುಲಿ ಅಡ್ಡಾಡಲೆಂದು ಖಾಲಿ ಬಿಟ್ಟಿದ್ದ ಮನೆಗೆ ಕುರಿ ನೂಕಿದರು. ಮೂರು ಹುಲಿಗೂ ಕಟ್ಟು ಬಿತ್ತು.

ಅತ್ತೆ ಕಲ್ಲನ್ನೇ ನೋಡುತ್ತಾ ಕೂತರು. “ಇದ್ನ ಆಗ್ಲೇ ಕಟ್ಬೋದಾಗಿತ್ತು. ಯಾಕ್ ಕಟ್ಲಿಲ್ಲ?” ಎಂದು ಕೇಳಿದರು. ಅತ್ತೆಯ ಕಣ್ಣು ನಿಧಾನವಾಗಿ ನನ್ನ ಕಡೆ ತಿರುಗಿತು. ಗಾಬರಿಯಲ್ಲಿ ಚಪ್ಪಲಿ ಬಿಚ್ಚುವುದನ್ನೇ ಮರೆತಿದ್ದೆ. ಅವರು ಎದ್ದರು. ಕುರಿ ಎತ್ತಲಿಲ್ಲ, ಹುಲಿಗೆ ದಾರಿ ಮಾಡಲಿಲ್ಲ. ಹಾಗೇ ಒಳಗೆ ಹೋದರು.

ಸಂಜೆಯೇ ಆಪಾ ಅವರ ಅಣ್ಣನಿಗೆ ದೂರು ಹೋಯಿತು. ಮಾರನೇ ದಿನದಿಂದ ಅಣ್ಣ ಆಪಾ ಅವರನ್ನು ಜಗಲಿಗೂ ಬಿಡಲಿಲ್ಲ. ನಾನು ಗೋಡೆಯ ಬಳಿ ಬಿಕ್ಕುತ್ತಾ ನಿಂತಾಗ ಅವರ ದನಿ ಮಾತ್ರ ಕೇಳಿಸಿತು. “ಅಳಬ್ಯಾಡ ಕಣಮ್ಮ. ಗೆದ್ದೋಳು ನಾನೇ ತಾನೆ?”

ಪಾಸಾದೆ. ಮುಂದೆ ಕನಕಪುರದ ಶಾಲೆಯಲ್ಲಿ ಕೆಲಸ ಸಿಕ್ಕಿತು. ಟೀಚರಮ್ಮನ ಅತ್ತೆ ಅನ್ನಿಸಿಕೊಂಡ ಮೇಲೆ ನಮ್ಮತ್ತೆಯ ಸಿಟ್ಟೂ ಇಳಿಯಿತು, ನನ್ನ ಮೇಲಿನದು ಮಾತ್ರ. ಆಪಾ ಪಾಲಿಗೆ ಬಾಗಿಲು ತೆರೆಯಲೇ ಇಲ್ಲ. ರಜೆಗೆ ಹೋದಾಗಲೆಲ್ಲ ಗೋಡೆಯಾಚೆಯಿಂದ ಅರಗಿನ ವಾಸನೆ ಬರುತ್ತಿತ್ತು, ಅವರು ಇದ್ದಾರೆಂದು ತಿಳಿಯುತ್ತಿತ್ತು. ಒಂದು ರಜೆಯಲ್ಲಿ ವಾಸನೆ ಬರಲಿಲ್ಲ...

ಮೊನ್ನೆ ಮೊಮ್ಮಗಳು ನನ್ನ ಹುಲಿಗಳನ್ನು ಕಟ್ಟಿ, ಗೆದ್ದೆ ಎಂದು ಎದ್ದು ಓಡಿದಳು. ವಾಪಸು ಕರೆದು, ಒಂದು ಕುರಿ ಎತ್ತಿ ಹೋಗು ಎಂದೆ. ಯಾಕೆಂದು ಕೇಳದೆ ಎತ್ತಿದಳು. “ಈಗ ಆಚೆ ಹೋಗ್ಬೋದಾ ಅಜ್ಜಿ?” ಎಂದಳು.

ಹೋಗು ಎಂದೆ. ಆಪಾಗೆ ಆ ಮಾತನ್ನು ಯಾರೂ ಹೇಳಲಿಲ್ಲ.